ಅಪ್‌ಡೇಟ್: ಅಮೆರಿಕದಲ್ಲಿ ಹುಟ್ಟಿದ ಕೂಸಿಗೆ ದಾವಣಗೆರೆಯಲ್ಲಿ ಬಿಸಿಜಿ ಆಯ್ತು

ಅಕ್ಕನ ಮೂರು ತಿಂಗಳ ಕೂಸಿಗೆ ಅಮೆರಿಕದಲ್ಲಿ ಬಿಸಿಜಿ (ಕ್ಷಯ ತಡೆಯೋ ಲಸಿಕೆ) ಹಾಕಿರಲಿಲ್ಲ, ಇಲ್ಲಿ ಹಾಕ್ತಾರಾ ಅಂತ ಕೇಳಿದ್ದೆ. ಹಾಕಿದ್ರು, ಒಂದು ರೂಪಾಯಿ ಖರ್ಚಿಲ್ಲದೆ.

"ಆಶಾ ಕಾರ್ಯಕರ್ತೆಯನ್ನ ಕೇಳಿ" ಅಂದವರ ಮಾತೇ ಕೈ ಹಿಡಿದಿದ್ದು. ಸಿಕ್ಕ ದಿನ ಕ್ಲಿನಿಕ್ಕಿಗೆ ಹೋಗೋದು ದಂಡ. ಬಿಸಿಜಿ ಬಾಟ್ಲಿ ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಯಬೇಕು, ಒಂದರಲ್ಲೇ ಹಲವು ಕೂಸುಗಳ ಡೋಸ್ ಇರುತ್ತೆ. ಅದಕ್ಕೇ ಲಸಿಕೆ ದಿನ ಯಾವುದು ಅಂತ ಆಶಾ ಕಾರ್ಯಕರ್ತೆಯನ್ನ ಕೇಳಿಕೊಂಡು, ಅವತ್ತೇ ಹೋಗಬೇಕು. ವರ್ಷ ತುಂಬೋದರೊಳಗೆ ಹಾಕಿಸಬಹುದು. ಕೂಸಿಗೆ ತಿಂಗಳು ದಾಟಿದ್ರೆ ಡೋಸ್ 0.1 ಎಂಎಲ್.

"ಎಲ್ಲಾ ಮೊದಲಿಂದ ಹಾಕಿಸಿ" ಅನ್ನೋ ಸಲಹೆ ಬೇಕಾಗಲಿಲ್ಲ. ದಾಖಲೆ ಇದ್ದ ಡೋಸ್ ಲೆಕ್ಕಕ್ಕೆ ಬರುತ್ತೆ. ಆದರೆ ಅಲ್ಲಿ ತಾರೀಖು ಬರೆಯೋವಾಗ ತಿಂಗಳು ಮೊದಲು, ದಿನ ಆಮೇಲೆ: 04/07 ಅಂದ್ರೆ ಏಪ್ರಿಲ್ 7. ಸಿಸ್ಟರ್ ಜುಲೈ ಅಂತ ಓದಿಕೊಂಡ್ರು! ತಿಂಗಳ ಹೆಸರನ್ನ ಅಕ್ಷರದಲ್ಲಿ ಬರೆದುಕೊಂಡು ಹೋಗಿ. ರೋಟಾ ಹನಿಯ (ರೋಟಾವೈರಸ್ ಭೇದಿ ತಡೆಯೋ ಲಸಿಕೆ) ಬ್ರ್ಯಾಂಡೂ ಬರೆದಿರಲಿ. ರೋಟಾರಿಕ್ಸ್ ಎರಡೇ ಡೋಸ್, ರೋಟಾಟೆಕ್ ಮೂರು. ಪೋಲಿಯೋ ಅಲ್ಲಿ ಬರೀ ಇಂಜೆಕ್ಷನ್, ಹನಿ ಇಲ್ಲೇ ಹಾಕಿಸಬೇಕು.

ಗೊತ್ತಿರದಿದ್ದ ವಿಷಯ: ಎಡ ತೋಳಲ್ಲಿ ಬಿಸಿಜಿ ಹಾಕಿದ ಜಾಗ ಎರಡು-ಮೂರು ವಾರಕ್ಕೆ ಗುಳ್ಳೆಯಾಗಿ, ಆಮೇಲೆ ಕೀವಾಡುತ್ತಂತೆ. ಅದು ಸಹಜ. ಅರಿಶಿನ, ಮುಲಾಮು ಏನೂ ಹಚ್ಚಬೇಡಿ.