40 ಸರ್ವರು, ಒಂದು ಪೆನ್‌ಡ್ರೈವು

ಸೀನ: 40 ಸರ್ವರ್ ರ‍್ಯಾಕ್‌ನಲ್ಲಿ ಕೂತಿವೆ. ಪೆನ್‌ಡ್ರೈವ್ ರೆಡಿ. ಒಂದಕ್ಕೆ ಲಿನಕ್ಸ್ ಹಾಕೋಕೆ 25 ನಿಮಿಷ ಹಿಡಿ.

ಮಂಜ: ಸಾವಿರ ನಿಮಿಷ, ಹತ್ತಿರ ಹತ್ತಿರ 17 ಗಂಟೆ. ಶ್ರಾವಣದಲ್ಲಿ ಮನೆಮನೆ ಸತ್ಯನಾರಾಯಣ ಪೂಜೆ ಮಾಡ್ಸೋ ಪುರೋಹಿತರೂ ಇಷ್ಟು ಸುತ್ತಲ್ಲ ಕಣೋ. ನೆಟ್‌ವರ್ಕ್‌ನಿಂದಲೇ ಬೂಟ್ ಮಾಡ್ಸೋ ಪಿಎಕ್ಸ್‌ಇ ಯಾಕಿದೆ? ಇಂಟೆಲ್‌ನೋರು ಅದರ 2.1 ಆವೃತ್ತಿ ಕೊಟ್ಟಿದ್ದೇ 1999ರಲ್ಲಿ.

ಸೀನ: ಅದೇನು ಮಾಡುತ್ತೆ?

ಮಂಜ: ಸರ್ವರ್ ಎದ್ದ ತಕ್ಷಣ ನೆಟ್‌ವರ್ಕ್ ಕಾರ್ಡು "ಯಾರಪ್ಪಾ ಇದ್ದೀರಿ?" ಅಂತ ಕೂಗುತ್ತೆ. ವಿಳಾಸ ಹಂಚೋ ಡಿಎಚ್‌ಸಿಪಿ ಸರ್ವರ್ ಐಪಿ ಕೊಟ್ಟು, 66ನೇ ಆಪ್ಷನ್‌ನಲ್ಲಿ ಯಾವ ಸರ್ವರ್, 67ರಲ್ಲಿ ಯಾವ ಫೈಲ್ ಅಂತ ಹೇಳುತ್ತೆ. ಅಲ್ಲಿಂದ ಓಎಸ್ ಎಬ್ಬಿಸೋ ಬೂಟ್‌ಲೋಡರ್, ಅದರ ಹಿಂದೆ ಲಿನಕ್ಸ್‌ನ ತಿರುಳಾದ ಕರ್ನಲ್ಲು, ಅದು ಏಳೋಕೆ ಬೇಕಾದ ಪುಟ್ಟ ಫೈಲ್‌ಗಂಟು ಇನಿಟ್‌ಆರ್‌ಡಿ. ಉತ್ತರ ಪತ್ರಿಕೆ ಎಲ್ಲಿದೆ ಅಂತ ಕರ್ನಲ್‌ಗೆ ಕೊಡೋ ಆದೇಶದ ಸಾಲಲ್ಲೇ ಬರೆದಿರುತ್ತೆ.

ಸೀನ: ಉತ್ತರ ಪತ್ರಿಕೆನಾ?

ಮಂಜ: ಇನ್‌ಸ್ಟಾಲರ್ ಕೇಳೋ ಪ್ರಶ್ನೆಗೆಲ್ಲ ಮೊದಲೇ ಬರೆದಿಟ್ಟ ಉತ್ತರ. ಭಾಷೆ, ಡಿಸ್ಕು, ಪಾಸ್‌ವರ್ಡು, ಪ್ಯಾಕೇಜು. ರೆಡ್ ಹ್ಯಾಟ್ ಕಡೆ ಕಿಕ್‌ಸ್ಟಾರ್ಟ್, ಡೆಬಿಯನ್‌ಗೆ ಪ್ರಿಸೀಡ್, ಉಬುಂಟು ಸರ್ವರ್‌ಗೆ 20.04ರಿಂದ ಆಟೋಇನ್‌ಸ್ಟಾಲ್.

ಗಿರಿ: ಆದ್ರೆ ಎಲ್ಲ ಯಂತ್ರಕ್ಕೂ ಒಂದೇ ಬೂಟ್ ಫೈಲ್ ಕೊಟ್ಟೆಯೋ, ಕೆಟ್ಟೆ. ಯಂತ್ರ ಎಬ್ಬಿಸೋ ಒಳಗಿನ ತಂತ್ರಾಂಶ ಎರಡು ಥರ, ಹಳೇ ಬಯೋಸ್‌ಗೆ ಬೇರೆ ಫೈಲ್, ಹೊಸ ಯುಇಎಫ್‌ಐಗೆ ಬೇರೆ. ಯಂತ್ರನೇ 93ನೇ ಆಪ್ಷನ್‌ನಲ್ಲಿ ತನ್ನ ಜಾತಿ ಹೇಳ್ಕೊಳ್ಳುತ್ತೆ. 0 ಅಂದ್ರೆ ಬಯೋಸ್, 7 ಅಂದ್ರೆ 64 ಬಿಟ್ ಯುಇಎಫ್‌ಐ. ಅದನ್ನ ನೋಡಿ ಫೈಲ್ ಕೊಡೋ ಹಾಗೆ ಡಿಎಚ್‌ಸಿಪಿಗೆ ಬರಿ. ಸಹಿ ಇಲ್ಲದ್ದನ್ನ ಬೂಟ್ ಆಗೋಕೆ ಬಿಡದ ಸೆಕ್ಯೂರ್ ಬೂಟ್ ಆನ್ ಇದ್ರೆ ಸಹಿ ಇರೋ ಪುಟ್ಟ ಲೋಡರ್ ಶಿಮ್ ಮೊದಲು, ಬೂಟ್‌ಲೋಡರ್ ಗ್ರಬ್ ಆಮೇಲೆ.

ಸೀನ: ಆ ಬೂಟ್ ಫೈಲ್ ಇಳಿಸೋ ಟಿಎಫ್‌ಟಿಪಿಲೇ ಇಡೀ ಐಎಸ್ಓ, ಅಂದ್ರೆ ಇನ್‌ಸ್ಟಾಲ್ ಡಿಸ್ಕಿನ ಫೈಲೂ ಹಾಕ್ಬಿಟ್ರೆ?

ಗಿರಿ: ಟಿಎಫ್‌ಟಿಪಿ ಬಡಿಸೋದು ನೋಡಿದೀಯಾ? ಒಂದು ಸೌಟು 512 ಬೈಟು. "ಬಿತ್ತು" ಅಂತ ಎಲೆ ಮುಂದೆ ಕೂತೋನು ಹೇಳೋವರೆಗೂ ಎರಡನೇ ಸೌಟು ಇಲ್ಲ. 1 ಜಿಬಿಗೆ 20 ಲಕ್ಷ ಸೌಟು! ಸೌಟಿನ ಲೆಕ್ಕ ಬೇರೆ 16 ಬಿಟ್. 65,535 ಆದ್ಮೇಲೆ, ಅಂದ್ರೆ 32 ಎಂಬಿ ಹತ್ರ, ಲೆಕ್ಕ ಮತ್ತೆ 0ಯಿಂದ ಶುರು ಮಾಡೋಕೆ ಬರದೇ ಇರೋ ಹಳೇ ಕ್ಲೈಂಟ್‌ಗಳು ಎಲೆ ಬಿಟ್ಟು ಎದ್ದೇಬಿಡ್ತವೆ. ಟಿಎಫ್‌ಟಿಪಿಯಲ್ಲಿ ಎಚ್‌ಟಿಟಿಪಿ ಬಲ್ಲ ಬೂಟ್‌ಲೋಡರ್ ಐಪಿಎಕ್ಸ್‌ಇ ಮಾತ್ರ ಇಳಿಸು. ಉಳಿದದ್ದೆಲ್ಲ ಎಚ್‌ಟಿಟಿಪಿ.

ಮಂಜ: ಆಗಲೂ ಲೆಕ್ಕ ಹಾಕು. ತಲಾ 1 ಜಿಬಿ ಪ್ಯಾಕೇಜ್ ಅಂದ್ರೆ 40 ಜಿಬಿ. 1 ಗಿಗಾಬಿಟ್ ತಂತೀಲಿ ಸೆಕೆಂಡಿಗೆ 125 ಎಂಬಿ ಮೇಲೆ ಹೋಗಲ್ಲ. ಹತ್ತಿರ ಹತ್ತಿರ ಐದೂವರೆ ನಿಮಿಷ ಬರೀ ಸಾಗಾಣಿಕೆ. ಅದಕ್ಕೇ ಪ್ಯಾಕೇಜ್ ಉಗ್ರಾಣ, ಅಂದ್ರೆ ರೆಪೊ, ಪಕ್ಕದಲ್ಲೇ ಇರಬೇಕು, ಇಂಟರ್ನೆಟ್‌ನಲ್ಲಲ್ಲ.

ಗಿರಿ: ನನ್ನ ಸ್ವಿಚ್ ಕಡೆ ಒಂದು ಮಾತು. ಪೋರ್ಟನ್ನ ತಕ್ಷಣ ತೆರೆಯೋ ಪೋರ್ಟ್‌ಫಾಸ್ಟ್ ಹಾಕದೇ ಇದ್ರೆ, ನೆಟ್‌ವರ್ಕ್ ಸುತ್ತಿಗೆ ಬೀಳದಂತೆ ಕಾಯೋ ಸ್ಪ್ಯಾನಿಂಗ್ ಟ್ರೀ 15, 15 ಒಟ್ಟು 30 ಸೆಕೆಂಡ್ ಬಾಗಿಲು ತೆಗೆಯಲ್ಲ. ಬೂಟ್ ಆಗೋದೇನೋ ಆಗುತ್ತೆ. ಕರ್ನಲ್ ಬಂದು ಕಾರ್ಡನ್ನ ಹೊಸದಾಗಿ ಎಬ್ಬಿಸ್ದಾಗ ಲಿಂಕ್ ಬಿದ್ದು ಏಳುತ್ತೆ, ಮತ್ತೆ 30 ಸೆಕೆಂಡ್. ಅಷ್ಟರಲ್ಲಿ ಇನ್‌ಸ್ಟಾಲರ್ "ಕಿಕ್‌ಸ್ಟಾರ್ಟ್ ಸಿಗಲಿಲ್ಲ" ಅಂತ ಮುಖ ತಿರುಗಿಸ್ಕೊಂಡು ಕೂರುತ್ತೆ. ಜನ ಆ ಫೈಲ್‌ನ ಹತ್ತು ಸಲ ತಿದ್ದುತ್ತಾರೆ, ಸ್ವಿಚ್ ಕಡೆ ಯಾರೂ ತಿರುಗಿ ನೋಡಲ್ಲ.

ಮಂಜ: ಅದು ಬರೀ ಕಿರಿಕಿರಿ. ಎದೆ ನಡುಗಿಸೋದು ಡಿಸ್ಕ್ ಸಾಲು. ಕಿಕ್‌ಸ್ಟಾರ್ಟ್‌ನಲ್ಲಿ "ಕ್ಲಿಯರ್‌ಪಾರ್ಟ್ ಆಲ್" ಅಂತ ಬರೆದ್ರೆ ಅದಕ್ಕೆ ಕಂಡ ಡಿಸ್ಕೆಲ್ಲ ಗುಡಿಸಿ ಸಾರಿಸಿ ರಂಗೋಲಿ ಹಾಕುತ್ತೆ. ಫೈಬರ್ ಕೇಬಲ್ ಸಿಕ್ಕಿಸಿದ್ರೆ ಎಲ್ಲರೂ ಹಂಚ್ಕೊಳ್ಳೋ ಸ್ಟೋರೇಜ್ ಜಾಲ ಸ್ಯಾನ್‌ನಲ್ಲಿರೋ ಡೇಟಾಬೇಸ್ ಡಿಸ್ಕೂ ಅದಕ್ಕೆ ಕಾಣುತ್ತೆ.

ಸೀನ: ಒಳಗಿನ ಡಿಸ್ಕನ್ನ ಎಸ್‌ಡಿಎ ಅಂತ ಹೆಸರಿಟ್ಟು ಬರೆದ್ರಾಯ್ತಲ್ಲ?

ಮಂಜ: ಎಸ್‌ಡಿಎ ಅನ್ನೋದು ಹೆಸರಲ್ಲ, ಸರತಿ ಸಾಲಿನ ನಂಬರು. ಮೊದಲು ಎದ್ದೋನೇ ಎಸ್‌ಡಿಎ. ಇವತ್ತು ಒಳಗಿನ ಎಸ್‌ಎಸ್‌ಡಿ, ನಾಳೆ ಮರೆತು ಬಿಟ್ಟ ನಿನ್ನ ಪೆನ್‌ಡ್ರೈವು. ಡಿಸ್ಕಿನ ಸ್ವಂತ ಗುರುತು ಹೇಳೋ ಬೈ-ಐಡಿ ದಾರೀಲಿ ಹೋಗಿ, "ಇಗ್ನೋರ್‌ಡಿಸ್ಕ್ ಓನ್ಲಿಯೂಸ್" ಸಾಲಲ್ಲಿ ಆ ಒಂದೇ ಡಿಸ್ಕ್ ತೋರಿಸು. ಅದರ ಮೇಲೂ ಇನ್‌ಸ್ಟಾಲ್ ಮುಗಿಯೋವರೆಗೂ ಫೈಬರ್ ಕಿತ್ತಿಟ್ಟಿರು. ಇದನ್ನ ಹೇಡಿತನ ಅನ್ನೋರು ಅಂದ್ಕೊಳ್ಲಿ.

ಗಿರಿ: ಮುಗಿದು ರೀಬೂಟ್ ಆದಾಗಿನ ತಮಾಷೆ ಹೇಳು.

ಮಂಜ: ಬೂಟ್ ಸರದೀಲಿ ನೆಟ್‌ವರ್ಕ್ ಮೊದಲು ಇದ್ರೆ, ಎದ್ದೋನು ಮತ್ತೆ ಪಿಎಕ್ಸ್‌ಇಗೇ ಹೋಗ್ತಾನೆ. ಮತ್ತೆ ಅಳಿಸು, ಮತ್ತೆ ಹಾಕು. ಬೆಳಗ್ಗೆ ಬಂದು ನೋಡಿದ್ರೆ 40 ಸರ್ವರೂ ರಾತ್ರಿಯೆಲ್ಲ ಸ್ನಾನ ಮಾಡ್ತಾನೇ ಇವೆ, ಬಟ್ಟೆ ಹಾಕ್ಕೊಂಡಿಲ್ಲ. ಅದಕ್ಕೇ ಪಿಎಕ್ಸ್‌ಇ ಮೆನುವಿನ ಡೀಫಾಲ್ಟು ಯಾವತ್ತೂ ಸ್ವಂತ ಡಿಸ್ಕೇ ಇರಲಿ. ಯಾವುದಕ್ಕೆ ಇನ್‌ಸ್ಟಾಲ್ ಬೇಕೋ ಅದರ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸದ ಹೆಸರಲ್ಲಿ ಒಂದು ಫೈಲ್ ಇಡು, ಇನ್‌ಸ್ಟಾಲ್ ಕೊನೇಲಿ ಓಡೋ ಪೋಸ್ಟ್ ಸ್ಕ್ರಿಪ್ಟಿಂದ ಅದನ್ನ ಅಳಿಸಿಸು. ಇಲ್ಲಾಂದ್ರೆ ಸರ್ವರನ್ನ ದೂರದಿಂದಲೇ ಆಳೋ ಐಪಿಎಂಐಟೂಲ್‌ನಿಂದ "ಮುಂದಿನ ಒಂದು ಸಲ ಮಾತ್ರ ಪಿಎಕ್ಸ್‌ಇ" ಅಂತ ಹೇಳಿ ಪವರ್ ಸೈಕಲ್ ಮಾಡು.

ಸೀನ: ಉಬುಂಟು ಆದ್ರೆ ಇಷ್ಟು ಗೋಳಿಲ್ಲ ಅಲ್ವಾ?

ಮಂಜ: ಅದರ ಗೋಳೇ ಬೇರೆ. ಉತ್ತರ ಪತ್ರಿಕೆಯಾದ ಯೂಸರ್-ಡೇಟಾ ಪಕ್ಕ ಮೆಟಾ-ಡೇಟಾ ಅನ್ನೋ ಫೈಲ್ ಇರಲೇಬೇಕು. ಖಾಲಿ ಇದ್ರೂ ಸರಿ, ಇಲ್ದಿದ್ರೆ ಆಗಲ್ಲ. ಮನೇಗೆ ಹಿರಿಯರು ಇದ್ದಂಗೆ. ಕರ್ನಲ್ ಸಾಲಲ್ಲಿರೋ ಸೆಮಿಕೋಲನ್‌ಗೆ ಗ್ರಬ್‌ನಲ್ಲಿ ಕೋಟ್ ಹಾಕದಿದ್ರೆ ಅದರಾಚೆಗಿನ ಉತ್ತರ ಪತ್ರಿಕೆ ವಿಳಾಸ ಕತ್ತರಿಸಿ ಹೋಗುತ್ತೆ. ಅದೇ ಸಾಲಲ್ಲಿ "ಆಟೋಇನ್‌ಸ್ಟಾಲ್" ಅನ್ನೋ ಪದ ಬಿಟ್ಟೆಯೋ, 40 ಸರ್ವರೂ ಒಟ್ಟಿಗೆ "ಮುಂದುವರಿಯಲಾ?" ಅಂತ ಕೈಕಟ್ಟಿ ನಿಲ್ತವೆ.

ಸೀನ: ಸರಿ. 40 ಮ್ಯಾಕ್ ವಿಳಾಸ ಯಾರು ಟೈಪ್ ಮಾಡೋದು? ಸ್ಟಿಕ್ಕರ್‌ನಲ್ಲಿ 8 ಯಾವುದು, ಬಿ ಯಾವುದು ಅಂತ ಬ್ರಹ್ಮಂಗೂ ಗೊತ್ತಾಗಲ್ಲ.

ಗಿರಿ: ಟೈಪೇ ಬೇಡ. ಒಂದೊಂದಾಗಿ ಆನ್ ಮಾಡ್ತಾ ಬಾ. ಡಿಎಚ್‌ಸಿಪಿ ಲಾಗ್‌ನಲ್ಲಿ ತಾವೇ ಹೆಸರು ಹೇಳ್ಕೊಂಡು ಬರ್ತವೆ, ಅದೇ ಕ್ರಮದಲ್ಲಿ ಕಾಪಿ ಮಾಡ್ಕೋ.

ಸೀನ: ಅಂದ್ರೆ 40 ಸಲ ಎದ್ದು ಹೋಗ್ಲೇಬೇಕು ಅಂತಾಯ್ತು.

ಮಂಜ: ಹೋಗು. ಪೆನ್‌ಡ್ರೈವ್ ಇಲ್ಲೇ ಇಟ್ಟು ಹೋಗು.