ವರ್ಷದಿಂದ ನಿಂತಿದ್ದ ಬೈಕು, ಚೋಕ್ ಎಳೆದ್ರೆ ಮಾತ್ರ ಓಡುತ್ತೆ, ಬಿಟ್ರೆ ಆಫ್

ಹಳೇಗಾಡಿ
ಎಲ್ರಿಗೂ ನಮಸ್ಕಾರ. 150 ಸಿಸಿ, ಕಾರ್ಬೊರೇಟರ್ (ಪೆಟ್ರೋಲ್ ಗಾಳಿ ಬೆರೆಸಿ ಇಂಜಿನ್‌ಗೆ ಕೊಡೋ ಭಾಗ) ಇರೋ ಗಾಡಿ. ವರ್ಷದ ಮೇಲಾಯ್ತು ಕವರ್ ಹಾಕಿ ನಿಲ್ಸಿ, ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಹಾಗೇ ಇತ್ತು. ಈಗ ಹೊಸ ಬ್ಯಾಟರಿ, ಹೊಸ ಪ್ಲಗ್ ಹಾಕಿದೀನಿ, ಸ್ಟಾರ್ಟ್ ಏನೋ ಆಗುತ್ತೆ ಆದ್ರೆ ಚೋಕ್ ಎಳೆದಿದ್ರೆ ಮಾತ್ರ, ಒಳಗೆ ತಳ್ಳಿದ ತಕ್ಷಣ ಆಫ್. ಸ್ವಲ್ಪ ರೇಸ್ ಕೊಟ್ರೆ ಮುಕ್ಕರಿಯುತ್ತೆ, ಸೈಲೆನ್ಸರಲ್ಲಿ ಪಟ್ ಪಟ್ ಅನ್ನುತ್ತೆ, ಜೋರಾಗಿ ತಿರುವಿದ್ರೆ ಮಾತ್ರ ಚೆನ್ನಾಗೇ ಎಳೆಯುತ್ತೆ. ಒಬ್ರು ನೋಡಿ ಬೋರ್ ಹೋಗಿದೆ (ಸಿಲಿಂಡರ್ ಒಳಗೋಡೆ ಸವೆದಿದೆ), ಇಂಜಿನ್ ಬಿಚ್ಬೇಕು ಅಂದ್ರು. ನಿಜಾನಾ?

ಗ್ರೀಸ್‌ಕೈ
ಇಂಜಿನ್ ಮುಟ್ಟೋಕೆ ಹೋಗ್ಬೇಡಿ ಮಾರಾಯ್ರೆ. ಬೋರ್ ಹೋಗಿದ್ರೆ ನೀಲಿ ಹೊಗೆ ಬರ್ತಿತ್ತು, ಆಯಿಲ್ ಕಮ್ಮಿ ಆಗ್ತಿತ್ತು, ಫುಲ್ ರೇಸಲ್ಲೂ ಎಳೀತಿರ್ಲಿಲ್ಲ. ನೀವು ಹೇಳಿರೋ ಲಕ್ಷಣ ನೋಡಿದ್ರೆ ಪೈಲಟ್ ಜೆಟ್ (ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹರಿಯೋ ಸಣ್ಣ ತೂತಿನ ಬಿಡಿಭಾಗ) ಕಟ್ಟಿದೆ, ಬೇರೆ ಹುಡುಕೋದೇ ಬೇಡ. ಐಡ್ಲಿಂಗು (ರೇಸ್ ಕೊಡದೆ ಇಂಜಿನ್ ಓಡೋದು) ಮತ್ತೆ ಕಾಲು ಭಾಗದವರೆಗಿನ ರೇಸ್ ನಡೆಯೋದು ಹೆಚ್ಚುಕಮ್ಮಿ ಆ ಸಣ್ಣ ಜೆಟ್ ಮೇಲೆ, ಮಧ್ಯದಲ್ಲಿ ನೀಡಲ್ (ರೇಸ್ ಜೊತೆ ಮೇಲೇಳೋ ಸೂಜಿ), ಮುಕ್ಕಾಲು ದಾಟಿದ್ಮೇಲೆ ದೊಡ್ಡ ತೂತಿನ ಮೇನ್ ಜೆಟ್. ನಿಮ್ಮದು ಮೇಲೆ ಸರಿ ಇದೆ, ಕೆಳಗೆ ಹಾಳು. ಚೋಕ್ ಎಳೆದಾಗ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಜಾಸ್ತಿ ಆಗೋದಕ್ಕೆ ಹೆಂಗೋ ಉಸಿರಾಡ್ತಿದೆ ಅಷ್ಟೆ.
ಮೊದ್ಲು ಫ್ಲೋಟ್ ಬೌಲ್ (ಕಾರ್ಬೊರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು) ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿ ಗಾಜಿನ ಬಾಟ್ಲಿಗೆ ಹಿಡೀರಿ, ಏನು ಬಂತು ಹೇಳಿ. ಗಾಳಿ ಆಡೋ ಜಾಗದಲ್ಲಿ ಮಾಡಿ, ಹತ್ರ ಬೆಂಕಿ ಇರ್ಬಾರ್ದು.

ಸುತ್ತಾಟ
ಅಷ್ಟೆಲ್ಲ ಯಾಕೆ ಗುರು, ಟ್ಯಾಂಕಿಗೆ ಕ್ಲೀನರ್ ಹಾಕಿ ಒಂದು ರೌಂಡ್ ಹೊಡೆದ್ರೆ ತಾನಾಗೇ ಬಿಡುತ್ತೆ.

ಗ್ರೀಸ್‌ಕೈ
ಸ್ವಲ್ಪ ಗಲೀಜಿದ್ರೆ ಬಿಡ್ಬಹುದು. ಆದ್ರೆ ಜೆಟ್ಟಲ್ಲಿ ಪೆಟ್ರೋಲೇ ಹರೀದೆ ಇದ್ದಾಗ ಆ ಕ್ಲೀನರ್ ಅಲ್ಲಿಗೆ ತಲುಪೋದಾದ್ರೂ ಹೆಂಗೆ?

ಹಳೇಗಾಡಿ
ಬಿಚ್ದೆ ಸಾರ್. ಚಹಾ ಡಿಕಾಕ್ಷನ್ ಥರ ಬಣ್ಣ, ಪೆಟ್ರೋಲ್ ವಾಸನೆ ಹೋಗಿ ವಾರ್ನಿಶ್ ಥರ ಗಬ್ಬು ವಾಸ್ನೆ. ಬಾಟ್ಲಿ ಸ್ವಲ್ಪ ಹೊತ್ತು ಇಟ್ರೆ ತಳದಲ್ಲಿ ಬೇರೇನೇ ಒಂದು ಪದರ ನಿಂತ್ಕೊಂಡಿದೆ, ಜೊತೆಗೆ ಕೆಂಪು ಧೂಳು.

ಗ್ರೀಸ್‌ಕೈ
ತಳದಲ್ಲಿರೋದು ನೀರು. ಎಥನಾಲ್ ಬೆರೆಸಿದ ಪೆಟ್ರೋಲ್ ಗಾಳಿಯ ತೇವ ಹೀರ್ಕೊಳ್ಳುತ್ತೆ, ಮಿತಿ ದಾಟಿದ್ಮೇಲೆ ನೀರು ಎಥನಾಲ್ ಎರಡೂ ಸೇರಿ ಬೇರೆಯಾಗಿ ಕೆಳಗೆ ಕೂತ್ಬಿಡುತ್ತೆ. ಕೆಂಪು ಧೂಳು ಟ್ಯಾಂಕಿನ ತುಕ್ಕು. ಹಾಗಾಗಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ಬಿಚ್ಚಿ ಅದರೊಳಗಿನ ಜಾಲರಿ ತೊಳೀರಿ, ಇಲ್ಲಾಂದ್ರೆ ಕಾರ್ಬೊರೇಟರ್ ಎಷ್ಟು ಸಲ ತೊಳೆದ್ರೂ ಮತ್ತೆ ಅದೇ ಕಥೆ.
ಆಮೇಲೆ ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಮಧ್ಯದಲ್ಲಿ ಚುಕ್ಕಿಯಷ್ಟು ಬೆಳಕು ದುಂಡಗೆ ಕಾಣ್ಬೇಕು, ಕಾಣ್ಲಿಲ್ಲ ಅಂದ್ರೆ ಕಟ್ಟಿದೆ. ಹಿತ್ತಾಳೆ ಅದು, ಸೂಜಿ ತಂತಿ ಹಾಕಿ ಕೆದಕ್ಬೇಡಿ, ತೂತು ದೊಡ್ಡದಾದ್ರೆ ಆಮೇಲೆ ಟ್ಯೂನಿಂಗೇ ಕೂರಲ್ಲ. ಕಾರ್ಬ್ ಕ್ಲೀನರಲ್ಲಿ ನೆನೆಹಾಕಿ ಗಾಳಿ ಹೊಡೀರಿ, ಬಾಡಿಯೊಳಗಿನ ಸಣ್ಣ ದಾರಿಗಳಿಗೂ ಹೊಡೀರಿ, ಬರೀ ಜೆಟ್ ತೊಳೆದು ಇದನ್ನ ಬಿಟ್ಬಿಡ್ತಾರೆ ಸುಮಾರು ಜನ. ರಬ್ಬರ್ ಡಯಾಫ್ರಾಮ್, ಓ ರಿಂಗ್ ಮೊದ್ಲೇ ತೆಗೆದಿಡಿ, ಕ್ಲೀನರ್ ತಾಗಿದ್ರೆ ಉಬ್ಬಿ ಹಾಳಾಗುತ್ತೆ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಎದುರು ತೂತಿಂದ ಸೀದಾ ಮುಖಕ್ಕೆ ಚಿಮ್ಮುತ್ತೆ. ಮಿಕ್ಸ್ಚರ್ ಸ್ಕ್ರೂ (ಐಡ್ಲಿಂಗಲ್ಲಿ ಗಾಳಿ ಪೆಟ್ರೋಲ್ ಮಿಶ್ರಣ ಹೊಂದಿಸೋದು) ಬಿಚ್ಚೋ ಮೊದ್ಲು ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತು ಹೋಯ್ತು ಅಂತ ಬರ್ಕೊಳ್ಳಿ, ಬಿಗಿ ಮಾಡಿದ್ರೆ ತುದಿ ಹಾಳಾಗುತ್ತೆ.

ಹಳೇಗಾಡಿ
ಸಾರ್ ಬಂಪರ್! ಜೆಟ್ ಪೂರ್ತಿ ಕಟ್ಟಿತ್ತು, ಈಗ ಚೋಕ್ ಇಲ್ದೆ ಐಡ್ಲಿಂಗ್ ನಿಲ್ತಿದೆ, ಪಟ್ ಪಟ್ ಸದ್ದೂ ಇಲ್ಲ. ಆದ್ರೆ ಹೊಸ ತಲೆನೋವು, ಒಂದಷ್ಟು ದೂರ ಚೆನ್ನಾಗಿ ಓಡಿ ಮೆಲ್ಲಗೆ ಸತ್ತೋಗುತ್ತೆ, ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದ್ರೆ ಮತ್ತೆ ಸ್ಟಾರ್ಟ್.

ಗ್ರೀಸ್‌ಕೈ
ಆಫ್ ಆದ ಕೂಡ್ಲೇ ಟ್ಯಾಂಕ್ ಮುಚ್ಚಳ ತೆಗೀರಿ. ಒಳಕ್ಕೆ ಗಾಳಿ ಎಳ್ಕೊಂಡು ಸುಸ್ ಅಂತ ಸದ್ದು ಬಂದು, ತಕ್ಷಣ ಸ್ಟಾರ್ಟ್ ಆದ್ರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ ಅಂತ ಅರ್ಥ. ಒಳಗೆ ಗಾಳಿ ಹೋಗ್ದೆ ಪೆಟ್ರೋಲ್ ಇಳಿಯಲ್ಲ. ಸದ್ದು ಬರ್ಲಿಲ್ಲ ಅಂದ್ರೆ ನಲ್ಲಿಯಿಂದ ಪೆಟ್ರೋಲ್ ಎಷ್ಟು ರಭಸವಾಗಿ ಬರುತ್ತೆ ನೋಡಿ.

ಹಳೇಗಾಡಿ
ಸುಸ್ ಅಂತು 😀 ಮಣ್ಣಿನ ಹುಳ ಗೂಡು ಕಟ್ಟಿತ್ತು ಆ ತೂತಲ್ಲಿ. ಕ್ಲೀನ್ ಮಾಡಿದ್ಮೇಲೆ ನಿಲ್ಲದೆ ಓಡ್ತಿದೆ.

ಸುತ್ತಾಟ
ಒಪ್ದೆ ಗುರು. ನಂದು ಎಫ್‌ಐ ಗಾಡಿ (ಫ್ಯೂಯಲ್ ಇಂಜೆಕ್ಷನ್, ಕಾರ್ಬೊರೇಟರ್ ಬದಲು ಪೆಟ್ರೋಲ್ ಚಿಮ್ಮಿಸೋದು), ನಿಂತೇ ಇದೆ, ಅದಕ್ಕೆ ಜೆಟ್ಟೇ ಇಲ್ವಲ್ಲ, ಎಲ್ಲಿಂದ ಶುರು ಮಾಡ್ಲಿ?

ಗ್ರೀಸ್‌ಕೈ
ಹಳೇ ಪೆಟ್ರೋಲ್ ತೆಗೆಯೋದು ಅದಕ್ಕೂ ಅದೇ. ಆಮೇಲೆ ಕೀ ಆನ್ ಮಾಡಿ ಕಿವಿಗೊಡಿ, ಟ್ಯಾಂಕೊಳಗೆ ಪಂಪು ಒಂದೆರಡು ಸೆಕೆಂಡ್ ಗುಂಯ್ ಅನ್ಬೇಕು. ಅನ್ಲಿಲ್ಲ ಅಂದ್ರೆ ಮೊದ್ಲು ಬ್ಯಾಟರಿ ವೋಲ್ಟ್ ನೋಡಿ, ನಿಂತಾಗ 12.6 ಹತ್ರ ಇದ್ರೆ ಫುಲ್ ಚಾರ್ಜ್, 12ಕ್ಕಿಂತ ಕೆಳಗಿದ್ರೆ ಚಾರ್ಜ್ ಮಾಡದೆ ಬೇರೆ ಏನೂ ಬಿಚ್ಬೇಡಿ. ಬ್ಯಾಟರಿ ಸರಿ ಇದ್ದೂ ಪಂಪ್ ಸುಮ್ನಿದ್ರೆ ಫ್ಯೂಸು, ರಿಲೇ (ಪಂಪಿಗೆ ಕರೆಂಟ್ ಕೊಡೋ ಸ್ವಿಚ್) ನೋಡಿ ಇಲ್ಲೇ ಬರೀರಿ.