"ಬರೇ ನೆಗಡಿ" ಅನ್ನೋ ತಾಯಂದಿರಿಗೆ ಆರ್‌ಎಸ್‌ವಿ ಬಗ್ಗೆ ಹೇಗೆ ಹೇಳೋದು?

ಆಶಾ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ:
ಮುಂದಿನ ವಾರ ಅಂಗನವಾಡಿಯಲ್ಲಿ ತಾಯಂದಿರ ಸಭೆ. ಆರ್‌ಎಸ್‌ವಿ, ಅಂದ್ರೆ ನೆಗಡಿಯಂತೆ ಶುರುವಾಗಿ ಎಳೆಗೂಸಿನ ಉಸಿರಾಟಕ್ಕೆ ತೊಂದರೆ ಕೊಡುವ ವೈರಸ್, ಅದರ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಕೊರೊನಾ ಎಲ್ಲರಿಗೂ ಗೊತ್ತು. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಿಗೆ ಎಚ್‌ಎಂಪಿವಿ (ಅದೂ ನೆಗಡಿ-ಕೆಮ್ಮು ತರುವ ವೈರಸ್) ಅಂತ ಟಿವಿಯಲ್ಲಿ ಬಂದಾಗ ಹೆದರಿದವರೂ ಇದ್ದಾರೆ. ಆರ್‌ಎಸ್‌ವಿ ಹೆಸರು ಮಾತ್ರ ಯಾರೂ ಕೇಳಿಲ್ಲ. ಕೂಸು ಕೆಮ್ಮಿದರೆ "ಬರೇ ನೆಗಡಿ" ಅಂತ ಲೋಬಾನದ ಹೊಗೆ ಹಾಕ್ತಾರೆ, ಮೂಗಿಗೆ ಎಣ್ಣೆ ಬಿಡ್ತಾರೆ. ಕೆಲವರು ಮೊದಲ ದಿನವೇ ಇಂಜೆಕ್ಷನ್ ಕೇಳ್ತಾರೆ. ಹೆದರಿಸದೆ, ಹಗುರವೂ ಮಾಡದೆ ಹೇಳೋದು ಹೇಗೆ?

ಮಕ್ಕಳ ವಾರ್ಡ್ ನರ್ಸ್:
ಅಕ್ಕಾ, ವೈರಸ್ ಹೆಸರು ಆಮೇಲೆ. ಮೊದಲು ಕೂಸಿನ ಎದೆ ನೋಡೋದು ಕಲಿಸಿ. ಮಲಗಿರುವಾಗ ಅಥವಾ ಸುಮ್ಮನಿರುವಾಗ ಜಬಲಾ ಎದೆ ಮೇಲಕ್ಕೆತ್ತಿ, ಹೊಟ್ಟೆ ಏರಿಳಿಯೋದನ್ನು ಪೂರ್ತಿ 60 ಸೆಕೆಂಡ್ ಎಣಿಸಬೇಕು. 30 ಸೆಕೆಂಡ್ ಎಣಿಸಿ ದುಪ್ಪಟ್ಟು ಮಾಡಿದರೆ ತಪ್ಪುತ್ತೆ, ಯಾಕಂದ್ರೆ ಎಳೆಗೂಸಿನ ಉಸಿರು ಒಂದೇ ಸಮ ಇರಲ್ಲ: ನಾಲ್ಕು ಸಲ ಬೇಗ, ಆಮೇಲೆ ಸ್ವಲ್ಪ ತಡೆದು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ.

2 ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳವರೆಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು, ಅವತ್ತೇ ತೋರಿಸಬೇಕು. 2 ತಿಂಗಳೊಳಗಿದ್ದರೆ ಇನ್ನೊಮ್ಮೆ ಎಣಿಸಿ ಖಚಿತಪಡಿಸಿಕೊಳ್ಳಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳೋದು, ಮುಲುಗೋದು, ತುಟಿ ನೀಲಿಯಾಗೋದು, ಹಾಲು ಅರ್ಧಕ್ಕಿಂತ ಕಡಿಮೆಯಾಗೋದು ಕಂಡರೆ ಎಣಿಸ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಮಕ್ಕಳ ವೈದ್ಯ:
ಇಂಜೆಕ್ಷನ್ ವಿಷಯ ಹೇಳ್ತೀನಿ. ಆರ್‌ಎಸ್‌ವಿ ವೈರಸ್, ಆಂಟಿಬಯೋಟಿಕ್‌ಗೆ ಬಗ್ಗಲ್ಲ. ಎಳೆಗೂಸಿನ ಶ್ವಾಸನಾಳದ ಸಣ್ಣ ಕವಲುಗಳು ಮೊದಲೇ ಕಿರಿದು, ಅವು ಊದಿಕೊಂಡು ಲೋಳೆ ಕಟ್ಟುತ್ತೆ. ಸಾಮಾನ್ಯವಾಗಿ 3ರಿಂದ 5ನೇ ದಿನಕ್ಕೆ ಜೋರಾಗುತ್ತೆ. "ಎರಡು ದಿನ ಚೆನ್ನಾಗೇ ಇತ್ತು" ಅಂತ ಮೈಮರೆಯೋದು ಅಲ್ಲೇ.

ಮನೆಯಲ್ಲಿ ಮಾಡೋದು ಸರಳ. ಮೆಡಿಕಲ್ ಶಾಪಿನ ಸಲೈನ್ ಹನಿ, ಹಾಲು ಕೊಡುವ 10 ನಿಮಿಷ ಮೊದಲು ಪ್ರತಿ ಹೊಳ್ಳೆಗೆ 1–2 ತೊಟ್ಟು. ಮೂಗು ತೆರೆದರೆ ಕೂಸು ಕುಡಿಯುತ್ತೆ. ಎದೆಹಾಲು ಸ್ವಲ್ಪಸ್ವಲ್ಪವೇ, ಹೆಚ್ಚು ಸಲ. ಮೂಗಿಗೆ ಎಣ್ಣೆ ಬೇಡ, ಅದು ಶ್ವಾಸಕೋಶಕ್ಕೆ ಇಳಿದರೆ ಬೇರೆಯದೇ ನ್ಯುಮೋನಿಯಾ. ಲೋಬಾನದ ಹೊಗೆ ಊದಿದ ನಾಳವನ್ನು ಇನ್ನಷ್ಟು ಕೆಣಕುತ್ತೆ. ಕರ್ಪೂರ ಮೈಗೇರಿದರೆ ಫಿಟ್ಸ್ ಬರಬಹುದು. ಒಂದು ವರ್ಷದೊಳಗೆ ಜೇನುತುಪ್ಪವೂ ಬೇಡ. ಅಜ್ಜಿಗೆ "ನಿಮ್ಮದು ತಪ್ಪು" ಅನ್ನಬೇಡಿ. "ಸ್ನಾನ ಆದಮೇಲೆ ಹೊಗೆ ಬದಲು ತಲೆ ಒರೆಸಿ ಬೆಚ್ಚಗೆ ಸುತ್ತಿ" ಅಂತ ಅವರ ಕೈಗೇ ಕೆಲಸ ಕೊಡಿ, ಒಪ್ಪುತ್ತಾರೆ.

ಸಮುದಾಯ ಆರೋಗ್ಯ ಅಧಿಕಾರಿ:
ನರ್ಸ್ ಅವರ ಒಂದು ಮಾತು ಒಪ್ಪಲ್ಲ: ಹೆಸರನ್ನೂ ಮೊದಲೇ ಹೇಳಿ. ಹೆಸರಿಲ್ಲದಿದ್ದರೆ ಶಾಲೆಗೆ ಹೋಗೋ ಅಕ್ಕನ ನೆಗಡಿಗೂ ತೊಟ್ಟಿಲ ಕೂಸಿನ ಉಬ್ಬಸಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯಲ್ಲ. ಹೆಚ್ಚಿನ ದೊಡ್ಡವರಿಗೆ ಇದು ಮೂಗು ಸೋರೋದಷ್ಟೇ. ಅದೇ ಮೂಗು ಒರೆಸಿದ ಕೈಯಲ್ಲಿ ಕೂಸಿನ ಕೆನ್ನೆ ಹಿಂಡ್ತಾರೆ. ನಾಮಕರಣಕ್ಕೆ ಬಂದವರು ಸೋಪಿನಿಂದ ಕೈ ತೊಳೆದೇ ಎತ್ತಿಕೊಳ್ಳಲಿ, ನೆಗಡಿ ಇದ್ದವರು ಮುತ್ತು ಕೊಡದಿರಲಿ. ಅವಧಿಗೆ ಮುಂಚೆ ಹುಟ್ಟಿದ ಕೂಸು ಕೆಮ್ಮದೇನೇ ಉಸಿರು ನಿಲ್ಲಿಸಬಹುದು. ಅಂಥ ಮನೆಗೆ ಇದನ್ನು ಬೇರೆಯಾಗಿ ಹೋಗಿ ಹೇಳಿ.

ಆಶಾ ಕಾರ್ಯಕರ್ತೆ:
"ಪಿಸಿವಿ ಹಾಕಿಸೀವಲ್ಲ, ಮತ್ಯಾಕೆ ಬರ್ತದ?" ಅಂತ ಖಂಡಿತ ಕೇಳ್ತಾರೆ.

ಮಕ್ಕಳ ವೈದ್ಯ:
6 ವಾರ, 14 ವಾರ, 9 ತಿಂಗಳಿಗೆ ಹಾಕುವ ಪಿಸಿವಿ ನ್ಯುಮೋಕಾಕಸ್ ಅನ್ನೋ ಬ್ಯಾಕ್ಟೀರಿಯಾಗೆ. ಆರ್‌ಎಸ್‌ವಿ ತಡೆಯಲ್ಲ. ಆದರೆ ತಪ್ಪಿಸಬೇಡಿ, ಆ ನ್ಯುಮೋನಿಯಾನೂ ಕಡಿಮೆ ಅಪಾಯದ್ದಲ್ಲ. ಆರ್‌ಎಸ್‌ವಿಗೆ ಗರ್ಭಿಣಿಯರಿಗೆ ಕೊಡುವ ಲಸಿಕೆ, ಕೂಸಿಗೆ ಕೊಡುವ ಪ್ರತಿಕಾಯದ ಚುಚ್ಚುಮದ್ದು ಬೇರೆ ಇವೆ.

ಮಕ್ಕಳ ವಾರ್ಡ್ ನರ್ಸ್:
ಸಭೆಗೆ ಸೆಕೆಂಡ್ ಮುಳ್ಳಿರೋ ಗಡಿಯಾರ ಒಯ್ಯಿರಿ, ಅಕ್ಕಾ. ಮಡಿಲಲ್ಲಿ ನಿದ್ದೆ ಮಾಡ್ತಿರೋ ಒಂದು ಕೂಸಿನ ಉಸಿರನ್ನು ನಾಲ್ಕು ತಾಯಂದಿರ ಕೈಲಿ ಎಣಿಸಿ. ನಾಲ್ವರ ಲೆಕ್ಕ ಹತ್ತಿರ ಹತ್ತಿರ ಬರೋವರೆಗೂ ಬಿಡಬೇಡಿ.